ಕೇಬಲ್ಲಿನ ತುದಿಯಲ್ಲಿ ಕೂತ ದೋಷ

"ನೆಟ್ ಹೋಗೈತ್ರಿ, ಒಂದ್ ತಾಸ್ ಬಿಟ್ಟು ಬರ್ರಿ." ಗದಗ-ಬೆಟಗೇರಿಯ ಛಾಪಖಾನೆಯಿಂದ ಹಿಡಿದು ಮುಂಡರಗಿ ಕಡೆಯ ಹಳ್ಳಿಯ ಸೇವಾ ಕೇಂದ್ರದವರೆಗೆ ಈ ಮಾತು ಕೇಳದವರಿಲ್ಲ. ಕೇಳಿದ ಕೂಡಲೇ ನಾವು ಬೈಯುವುದು ನೆಟ್ ಕೊಟ್ಟ ಕಂಪನಿಯನ್ನು, ಇಲ್ಲವೆ ಬೆಂಗಳೂರಿನಲ್ಲಿ ಎಲ್ಲೋ ಇರುವ ಸರ್ವರನ್ನು. ಎಷ್ಟೋ ಸಲ ಆ ಬೈಗುಳ ತಪ್ಪು ವಿಳಾಸಕ್ಕೆ ಹೋಗಿರುತ್ತದೆ. ರಸ್ತೆ ಅಗೆದವರು ಫೈಬರ್ ಕಡಿದಿರುವುದಿಲ್ಲ, ಸರ್ವರ್ ಮಲಗಿರುವುದಿಲ್ಲ. ಟೇಬಲ್ಲಿನ ಕೆಳಗೆ, ಹನ್ನೆರಡು ಮಿಲಿಮೀಟರ್ ಕೂಡ ಅಗಲವಿಲ್ಲದ ಒಂದು ಪಾರದರ್ಶಕ ಪ್ಲಾಸ್ಟಿಕ್ ತುಂಡು ಕೂದಲೆಳೆಯಷ್ಟು ಹಿಂದೆ ಸರಿದಿರುತ್ತದೆ. ಬೆಳೆವಿಮೆಯ ಅರ್ಜಿ, ಪಹಣಿ, ರೇಷನ್ ಕಾರ್ಡಿನ ತಿದ್ದುಪಡಿ, ಎಪಿಎಂಸಿಯ ಆನ್‌ಲೈನ್ ಟೆಂಡರ್ ಎಲ್ಲವೂ ಆ ತುಂಡಿನ ಮೂಲಕವೇ ಹಾಯಬೇಕಾಗಿರುವಾಗ ಅದರ ವಿನ್ಯಾಸದಲ್ಲೇ ಇರುವ ಕುಂದುಗಳನ್ನು ಕುಶಲಕರ್ಮಿಗಳಷ್ಟೇ ತಿಳಿದುಕೊಂಡರೆ ಸಾಲದು. ದುಡ್ಡು ಕೊಟ್ಟು ವೈರಿಂಗ್ ಮಾಡಿಸುವವರಿಗೂ ಅದು ಗೊತ್ತಿರಬೇಕು.

ಎಲ್ಲರೂ ಆರ್‌ಜೆ45 ಎನ್ನುವ ಈ ಎಂಟು ಪಿನ್ನಿನ ಪ್ಲಗ್ಗು ಕಂಪ್ಯೂಟರಿಗಾಗಿ ಹುಟ್ಟಿದ್ದಲ್ಲ. ಗ್ರಾಹಕರು ತಮ್ಮ ಫೋನನ್ನು ತಾವೇ ಗೋಡೆಗೆ ಸಿಕ್ಕಿಸಿಕೊಳ್ಳಲಿ ಎಂದು 1970ರ ದಶಕದಲ್ಲಿ ಅಮೆರಿಕದ ಬೆಲ್ ಟೆಲಿಫೋನ್ ವ್ಯವಸ್ಥೆ ಬಳಕೆಗೆ ತಂದ ಪ್ಲಗ್ಗುಗಳ ಮನೆತನ ಇದರದ್ದು. ನಮ್ಮಲ್ಲಿ ಆಗಿನ್ನೂ ಬೆಂಗಳೂರಿನ ಐಟಿಐ ಕಾರ್ಖಾನೆಯ ಕಪ್ಪು ಫೋನುಗಳ ಕಾಲ. ಗೋಡೆಯ ಮೇಲಿನ ರೋಸೆಟ್ ಡಬ್ಬಿಯಲ್ಲಿ ಸ್ಕ್ರೂ ಬಿಗಿದು ತಂತಿ ಕಟ್ಟಿದರೆ ಲೈನ್‌ಮನ್ ಬಂದು ಬಿಚ್ಚುವವರೆಗೆ ಅದು ಅಲ್ಲಾಡುತ್ತಿರಲಿಲ್ಲ. ಬೆಲ್ ಪ್ಲಗ್ಗಿನ ಲೆಕ್ಕಾಚಾರವೂ ಅದಕ್ಕಿಂತ ಬಹಳ ಬೇರೆಯದೇನಲ್ಲ: ಒಮ್ಮೆ ಸಿಕ್ಕಿಸಿದರೆ ವರ್ಷಗಟ್ಟಲೆ ಅಲ್ಲೇ ಇರಬೇಕು, ತೆಗೆಯುವುದು ಅಪರೂಪ, ಒಳಗೆ ಹರಿಯುವುದು ಬರೀ ಮಾತು.

ಕಂಪ್ಯೂಟರ್ ಜಾಲಗಳು ಈ ಪ್ಲಗ್ಗಿಗೆ ಬರುವ ಮೊದಲು ಬೇರೆ ಎರಡು ಪ್ರಯೋಗ ನಡೆದಿದ್ದವು. 1973ರಲ್ಲಿ ಝೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾಲಯದಲ್ಲಿ ಹುಟ್ಟಿದ ಈಥರ್ನೆಟ್, 1980ರ ದಶಕದಲ್ಲಿ ಹೆಬ್ಬೆರಳು ದಪ್ಪದ ಕೇಬಲ್ಲಿನ ಮೇಲೆ ಓಡುತ್ತಿತ್ತು. ಅದರಿಂದ ಯಂತ್ರಕ್ಕೆ ಬರುವ ಹದಿನೈದು ಪಿನ್ನಿನ ಕನೆಕ್ಟರಿಗೆ ಸ್ಕ್ರೂ ಬದಲು ಜಾರುವ ತಗಡಿನ ಚಿಲಕ ಇಟ್ಟಿದ್ದರು. ಕೇಬಲ್ಲಿನ ಭಾರಕ್ಕೆ ಆ ತಗಡು ಬಾಗಿ ಕನೆಕ್ಟರ್ ತಾನೇ ಕಳಚಿಕೊಳ್ಳುತ್ತಿತ್ತು. ಆಮೇಲೆ ಬಂದ ತೆಳು ಕೇಬಲ್ಲಿಗೆ ಬಿಎನ್‌ಸಿ ಕನೆಕ್ಟರ್. ಒತ್ತಿ ಕಾಲು ಸುತ್ತು ತಿರುಗಿಸಿದರೆ ಭದ್ರವಾಗಿ ಕೂರುವ ಆ ಲೋಹದ ಕೊಳವೆಯನ್ನು ಸಿಸಿಟಿವಿ ಹಾಕುವವರು ಇವತ್ತಿಗೂ ಬಳಸುತ್ತಾರೆ, ಮತ್ತು ಯಾಂತ್ರಿಕವಾಗಿ ಅದು ಆರ್‌ಜೆ45ಕ್ಕಿಂತ ಎಷ್ಟೋ ಗಟ್ಟಿ. ಅದರ ಸಂಕಟ ಬೇರೆ ಕಡೆ ಇತ್ತು. ಎಲ್ಲ ಯಂತ್ರಗಳೂ ಒಂದೇ ಸರಪಳಿಯಲ್ಲಿ ಇರುತ್ತಿದ್ದುದರಿಂದ ಒಬ್ಬರು ಒಂದು ಕೊಂಡಿ ಬಿಚ್ಚಿದರೆ, ಇಲ್ಲವೆ ತುದಿಯ 50 ಓಮ್ ಟರ್ಮಿನೇಟರ್ ಕಳೆದರೆ ಇಡೀ ಕಚೇರಿಯ ಜಾಲ ಬೀಳುತ್ತಿತ್ತು.

ಹಾಗಾಗಿ 1990ರಲ್ಲಿ ಪ್ರತಿ ಯಂತ್ರಕ್ಕೂ ಪ್ರತ್ಯೇಕ ಕೇಬಲ್ ಎಳೆಯುವ 10ಬೇಸ್-ಟಿ ಮಾನಕ ಬಂದಾಗ ಜಗತ್ತು ಅದನ್ನು ಕಣ್ಣಿಗೊತ್ತಿಕೊಂಡಿತು. ಟೆಲಿಫೋನಿನ ಹೆಣೆದ ತಂತಿ, ಟೆಲಿಫೋನಿನ ಪ್ಲಗ್ಗು, ಅಗ್ಗದ ಬೆಲೆ. ಸೆಕೆಂಡಿಗೆ 10 ಮೆಗಾಬಿಟ್ಟಿಗೆಂದು ಆರಿಸಿಕೊಂಡ ಅದೇ ಪ್ಲಗ್ಗು 1995ರಲ್ಲಿ 100 ಮೆಗಾಬಿಟ್, 1999ರಲ್ಲಿ ಗಿಗಾಬಿಟ್, 2006ರಲ್ಲಿ 10 ಗಿಗಾಬಿಟ್ ಹೊತ್ತಿತು. ಒಂದೇ ಆಕಾರ ಉಳಿಸಿಕೊಂಡು ಸಾವಿರ ಪಟ್ಟು ವೇಗ ಕಂಡ ಕನೆಕ್ಟರುಗಳು ಬಹಳ ಇಲ್ಲ. ಮುಂದೆ ಹೇಳುವ ದೋಷಗಳೆಲ್ಲ ಈ ದೊಡ್ಡ ಸಾಧನೆಯ ಬೆನ್ನಿಗೇ ಬಂದವು ಎಂಬುದನ್ನು ಮರೆಯಬಾರದು.

ಮೊದಲನೆಯದು, ಎಲ್ಲರ ಕಣ್ಣಿಗೂ ಬೀಳುವುದು, ಕ್ಲಿಪ್ಪು. ಅದನ್ನೊಮ್ಮೆ ಬೆಳಕಿಗೆ ಹಿಡಿದು ನೋಡಬೇಕು. ಕ್ಲಿಪ್ಪಿನ ಬುಡ ಪ್ಲಗ್ಗಿನ ಮುಂತುದಿಯಲ್ಲಿದೆ, ತುದಿ ಹಿಂದಕ್ಕೆ, ಕೇಬಲ್ಲಿನ ಕಡೆಗೆ ಚಾಚಿಕೊಂಡಿದೆ. ಮುಂದಕ್ಕೆ ತಳ್ಳುವಾಗ ಯಾವ ತಕರಾರೂ ಇಲ್ಲ. ಹಿಂದಕ್ಕೆ ಎಳೆದರೆ ಬಾರಿಕಂಟಿಯ ಮುಳ್ಳಿನ ಹಾಗೆ ಸಿಕ್ಕಿದ್ದಕ್ಕೆಲ್ಲ ಸಿಕ್ಕಿಕೊಳ್ಳುತ್ತದೆ: ಪಕ್ಕದ ಕೇಬಲ್, ಟೇಬಲ್ಲಿನ ಕಾಲು, ಪ್ರಿಂಟರಿನ ಪವರ್ ವೈರ್. ಸಿಕ್ಕಿಕೊಂಡಾಗ ನಾವು ಜಗ್ಗುತ್ತೇವೆ. ಕ್ಲಿಪ್ಪು ತನ್ನ ಮಿತಿ ಮೀರಿ ಹಿಂದಕ್ಕೆ ಬಾಗಿ ಬುಡದಲ್ಲೇ ಮುರಿಯುತ್ತದೆ. ಬಾಗುವ ಭಾಗವೂ, ಭಾರ ಹೊರುವ ಭಾಗವೂ, ಬೀಗದ ಭಾಗವೂ ಆ ಒಂದೇ ಪಾಲಿಕಾರ್ಬೊನೇಟ್ ಎಳೆ. ಒಂದೊಂದೇ ತಂತಿ ಇರುವ ಗೋಡೆಯ ಫೋನಿನಲ್ಲಿ ಇದು ಪರವಾಗಿರಲಿಲ್ಲ. ಇಪ್ಪತ್ತು ಕೇಬಲ್ ಒಂದರ ಮೇಲೊಂದು ಬಿದ್ದ ಸ್ವಿಚ್ಚಿನ ಹಿಂದೆ ಇದು ಮುರಿಯಲೆಂದೇ ಮಾಡಿದ ಹಾಗಿದೆ.

ಮುರಿದ ಮೇಲೆ ಏನಾಗುತ್ತದೆ ಎಂಬುದು ಇನ್ನೂ ಮುಖ್ಯ. ಜ್ಯಾಕಿನೊಳಗೆ ಎಂಟು ಸಣ್ಣ ಸ್ಪ್ರಿಂಗ್ ತಂತಿಗಳಿವೆ, ಒಂದೊಂದೂ ಸುಮಾರು ನೂರು ಗ್ರಾಂ ಭಾರದಷ್ಟು ಬಲದಲ್ಲಿ ಪ್ಲಗ್ಗನ್ನು ಒತ್ತುತ್ತದೆ. ಆ ಒತ್ತಡಕ್ಕೆ ಎದುರು ನಿಂತಿದ್ದು ಕ್ಲಿಪ್ಪು. ಅದು ಹೋದರೆ ಪ್ಲಗ್ಗು ಪೂರ್ತಿ ಹೊರಗೆ ಬೀಳುವುದಿಲ್ಲ, ಬಿದ್ದಿದ್ದರೆ ಒಳ್ಳೆಯದಿತ್ತು, ಕಣ್ಣಿಗಾದರೂ ಕಾಣುತ್ತಿತ್ತು. ಅದು ಒಂದೆರಡು ಮಿಲಿಮೀಟರ್ ಸರಿದು, ಕೆಲವು ಪಿನ್ ಹತ್ತಿ ಕೆಲವು ಹತ್ತದೆ ನಿಲ್ಲುತ್ತದೆ. ಅನೇಕ ಸ್ವಿಚ್ಚುಗಳು ಆಗ ಗಿಗಾಬಿಟ್‌ನಿಂದ 100 ಮೆಗಾಬಿಟ್‌ಗೆ ಸದ್ದಿಲ್ಲದೆ ಇಳಿಯುತ್ತವೆ. ಫ್ಯಾನ್ ಹಾಕಿದಾಗ, ಕುರ್ಚಿ ಸರಿಸಿದಾಗ, ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹೋದಾಗ ನೆಟ್ ಹೋಗಿ ಬರುತ್ತದೆ. ಲಕ್ಷ್ಮೇಶ್ವರದ ಒಂದು ಝೆರಾಕ್ಸ್ ಅಂಗಡಿಯಲ್ಲಿ ಇಂಥ ಪ್ಲಗ್ಗಿಗೆ ಬಸ್ ಟಿಕೆಟ್ಟಿನ ಚೂರು ಮಡಚಿ ಬೆಣೆ ಕೊಟ್ಟಿದ್ದರು. ಗಿರಾಕಿಯ ಕಾಲು ಆ ಕಡೆ ಸರಿದರೆ ಸಾಕು, ಅಂಗಡಿಯವರು ಕೂಗುತ್ತಿದ್ದರು: "ಅಣ್ಣಾರ, ಅದಕ್ಕ ಕಾಲು ತಾಗಸಬ್ಯಾಡ್ರಿ, ಈಗರ ಹತ್ತೇತಿ!" ಕಾಗದದ ಬೆಣೆ ಕೆಲಸವನ್ನೇನೋ ಮಾಡುತ್ತದೆ, ಆದರೆ ಅದು ಪ್ಲಗ್ಗನ್ನು ಓರೆಯಾಗಿ ಒತ್ತಿ ಜ್ಯಾಕಿನ ಸ್ಪ್ರಿಂಗುಗಳನ್ನು ಒಂದು ಬದಿಗೆ ಬಾಗಿಸುತ್ತದೆ. ಆಮೇಲೆ ಹೊಸ ಪ್ಲಗ್ ಹಾಕಿದರೂ ಅದು ಸರಿಯಾಗಿ ಹತ್ತುವುದಿಲ್ಲ. ನಾಲ್ಕೈದು ರೂಪಾಯಿಯ ಪ್ಲಗ್ಗಿನ ದೋಷ ಹೀಗೆ ಸಾವಿರಾರು ರೂಪಾಯಿಯ ಸ್ವಿಚ್ಚಿಗೋ ಮದರ್‌ಬೋರ್ಡಿಗೋ ದಾಟುತ್ತದೆ.

ಇದಕ್ಕೆ ಕಂಡುಕೊಂಡ ಮದ್ದು ರಬ್ಬರಿನ ಬೂಟು, ಕ್ಲಿಪ್ಪಿನ ಮೇಲೆ ಕವಿದುಕೊಳ್ಳುವ ಟೊಪ್ಪಿ. ಅದು ಕ್ಲಿಪ್ಪನ್ನು ಕಾಯುತ್ತದೆ ನಿಜ. ಆದರೆ ಅಗ್ಗದ ಪಿವಿಸಿ ಬೂಟು ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಗಟ್ಟಿಯಾಗಿ ಬಿಡುತ್ತದೆ. ಆಮೇಲೆ ಕ್ಲಿಪ್ ಒತ್ತಲು ಬೆರಳಿಗೆ ಬಲ ಸಾಲದೆ ಸ್ಕ್ರೂಡ್ರೈವರ್ ಹಾಕಿ ಮೀಟುವವರೇ ಹೆಚ್ಚು. ದೊಡ್ಡ ಕಂಪನಿಗಳೂ ಈ ಬೂಟಿನಲ್ಲಿ ಎಡವಿವೆ. 2013ರಲ್ಲಿ ಸಿಸ್ಕೊ ತನ್ನ ಕ್ಯಾಟಲಿಸ್ಟ್ 3650 ಮತ್ತು 3850 ಸ್ವಿಚ್ಚುಗಳ ಬಗ್ಗೆ ಗ್ರಾಹಕರಿಗೆ ಒಂದು ಎಚ್ಚರಿಕೆ ಕಳಿಸಬೇಕಾಯಿತು: ಮೊದಲನೇ ಪೋರ್ಟಿನ ಮೇಲೆ ಮೋಡ್ ಗುಂಡಿ ಇತ್ತು, ಬೂಟ್ ಇರುವ ಕೇಬಲ್ ಸಿಕ್ಕಿಸಿದರೆ ಬೂಟಿನ ಉಬ್ಬು ಆ ಗುಂಡಿಯನ್ನು ಒತ್ತಿ ಹಿಡಿದು ಸ್ವಿಚ್ಚಿನ ಸೆಟ್ಟಿಂಗ್ ಅಳಿಸಿ ಹಾಕುತ್ತಿತ್ತು. ಕನೆಕ್ಟರನ್ನೂ ಯಂತ್ರವನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂತು ಚಿತ್ರ ಬಿಡಿಸಿದರೆ ಹೀಗಾಗುತ್ತದೆ. ಈ ಟೊಪ್ಪಿಗಿಂತ ಒಳ್ಳೆಯ ದಾರಿಗಳಿವೆ. ಕ್ಲಿಪ್ಪಿನ ಎರಡೂ ಬದಿಗೆ ಪ್ಲಾಸ್ಟಿಕ್ಕಿನ ತಗ್ಗು ಗೋಡೆ ಎಬ್ಬಿಸಿ, ಅದು ಬೇರೆ ಕೇಬಲ್ಲಿಗೆ ಸಿಕ್ಕಿಕೊಳ್ಳದಂತೆ ಕಾಯುವ ಅಚ್ಚಿನ ಬೂಟು ಅಂಥದ್ದೊಂದು. ಮುರಿದ ಪ್ಲಗ್ಗಿನ ಮೇಲೆ ತೊಡಿಸುವ ರಿಪೇರಿ ಕ್ಲಿಪ್ಪುಗಳೂ ಸಿಗುತ್ತವೆ; ಅವು ಟಿಕೆಟ್ಟಿನ ಚೂರಿಗಿಂತ ಎಷ್ಟೋ ವಾಸಿ.

ಎರಡನೇ ದೋಷ ಕಣ್ಣಿಗೆ ಕಾಣದು, ಅದಕ್ಕೇ ಹೆಚ್ಚು ಕಾಡುತ್ತದೆ. ಲ್ಯಾನ್ ಕೇಬಲ್ಲಿನಲ್ಲಿ ನಾಲ್ಕು ಜೋಡಿ ತಂತಿ. ಒಂದೊಂದು ಜೋಡಿಯನ್ನೂ ಹುರಿಗೊಳಿಸಿರುವುದು ಪಕ್ಕದ ಜೋಡಿಯ ಗದ್ದಲ ಇದಕ್ಕೆ ತಾಗದಿರಲಿ ಎಂದು. ಪ್ಲಗ್ಗಿನೊಳಗೆ ಹೋಗುವಾಗ ಹುರಿ ಬಿಚ್ಚಿ ಎಂಟನ್ನೂ ಒಂದು ಮಿಲಿಮೀಟರ್ ಅಂತರದಲ್ಲಿ ಸಾಲಾಗಿ ನಿಲ್ಲಿಸಬೇಕು. ಇಲ್ಲಿ ಟೆಲಿಫೋನಿನ ಋಣ ತೀರಿಸಬೇಕಾಗಿ ಬಂತು. ಫೋನಿನ ಮೊದಲ ಲೈನ್ ನಡುವಿನ 4 ಮತ್ತು 5ನೇ ಪಿನ್ನಿನಲ್ಲಿ, ಎರಡನೆಯದು ಅದನ್ನು ಸುತ್ತುವರಿದ 3 ಮತ್ತು 6ರಲ್ಲಿ. ಈಥರ್ನೆಟ್ 1-2 ಮತ್ತು 3-6 ಜೋಡಿಗಳನ್ನು ಇಟ್ಟುಕೊಂಡು ನಡುವಿನದನ್ನು ಫೋನಿಗೆ ಬಿಟ್ಟಿತು. ಹೀಗೆ ಒಂದು ಜೋಡಿ ಇನ್ನೊಂದು ಜೋಡಿಯ ಎರಡು ಬದಿಗೆ ಸೀಳಿ ನಿಲ್ಲುವುದು ವಿದ್ಯುತ್ತಿನ ದೃಷ್ಟಿಯಿಂದ ಕೆಟ್ಟ ಜೋಡಣೆ. ಒಂದರ ಸಂಕೇತ ಇನ್ನೊಂದಕ್ಕೆ ಸೋರುತ್ತದೆ. ವೇಗ ಏರಿದಂತೆ ಈ ಸೋರಿಕೆ ಏರಿತು. ಇವತ್ತಿನ ಕ್ಯಾಟ್ 6 ಜ್ಯಾಕುಗಳ ಒಳಗೆ, ಪ್ಲಗ್ಗು ಮಾಡಿದ ಸೋರಿಕೆಗೆ ಸರಿಸಮನಾದ ವಿರುದ್ಧ ಸೋರಿಕೆಯನ್ನು ಬೇಕೆಂದೇ ಹುಟ್ಟಿಸಿ ಎರಡನ್ನೂ ಹೊಡೆದುಹಾಕುವ ಸಣ್ಣ ಸರ್ಕೀಟಿರುತ್ತದೆ. ಆ ಜಾಣತನ ಮೆಚ್ಚಬೇಕಾದ್ದೇ. ಆದರೆ ಕೈಯಲ್ಲಿ ಕ್ರಿಂಪ್ ಮಾಡಿದ, ಅಂದರೆ ಟೂಲಿನಿಂದ ಒತ್ತಿ ಕೂರಿಸಿದ ಪ್ಲಗ್ಗಿನಲ್ಲಿ ಹುರಿ ಎಷ್ಟು ಬಿಚ್ಚಿದೆ ಎಂಬುದು ಒಂದೊಂದರಲ್ಲಿ ಒಂದೊಂದು ರೀತಿ ಇರುವಾಗ ಜ್ಯಾಕು ಯಾವ ಸೋರಿಕೆಯನ್ನು ಹೊಡೆದುಹಾಕಬೇಕು? ಹುರಿ ಬಿಚ್ಚುವ ಉದ್ದ 13 ಮಿಲಿಮೀಟರ್ ದಾಟಬಾರದೆಂದು ಮಾನಕ ಹೇಳುತ್ತದೆ. ನಮ್ಮ ಕಡೆ ಬೆರಳುದ್ದ ಬಿಚ್ಚಿ, ಹೊರಗಿನ ಹೊದಿಕೆ ಪ್ಲಗ್ಗಿನ ಬಾಯಿಗೂ ಮುಟ್ಟದಂತೆ ಕ್ರಿಂಪ್ ಮಾಡುವುದು ಸಾಮಾನ್ಯ. ಆಗ ಕೇಬಲ್ ಜಗ್ಗಿದ ಭಾರವನ್ನೆಲ್ಲ ಹೊರುವುದು ಕೂದಲಿನಂಥ ಎಂಟು ತಂತಿಗಳೇ.

ಇದೇ ಜೋಡಣೆಯಿಂದ ಇನ್ನೊಂದು ಮೋಸ ಹುಟ್ಟಿದೆ. ಬಿಳಿ-ಕೇಸರಿ, ಕೇಸರಿ, ಬಿಳಿ-ಹಸಿರು, ಹಸಿರು, ಬಿಳಿ-ನೀಲಿ, ನೀಲಿ ಹೀಗೆ ಜೋಡಿಗಳನ್ನು ಒಂದರ ಪಕ್ಕ ಒಂದಿಟ್ಟರೆ ನೋಡಲು ಅಂದ, ನೆನಪಿಡಲು ಸುಲಭ. ಎರಡೂ ತುದಿಗೆ ಹಾಗೇ ಹಾಕಿದರೆ ನೂರು-ಇನ್ನೂರು ರೂಪಾಯಿಯ ಟೆಸ್ಟರಿನಲ್ಲಿ ಎಂಟೂ ದೀಪ ಸರದಿಯಂತೆ ಹತ್ತುತ್ತವೆ. ಕೆಲಸ ಮುಗಿಯಿತೆಂದು ಹುಡುಗರು ಹೊರಡುತ್ತಾರೆ. ಆದರೆ 3ನೇ ಪಿನ್ನಿಗೆ ಹಸಿರು ಜೋಡಿಯ ಒಂದು ತಂತಿ, 6ನೆಯದಕ್ಕೆ ನೀಲಿ ಜೋಡಿಯ ಒಂದು ತಂತಿ ಹೋಗಿ, ಹುರಿಯ ಉಪಯೋಗವೇ ಇಲ್ಲವಾಗಿರುತ್ತದೆ. ಹತ್ತು ಅಡಿ ಕೇಬಲ್ಲಿನಲ್ಲಿ ನಡೆದುಹೋಗುವ ಈ ತಪ್ಪು, ಮಹಡಿಯಿಂದ ಮಹಡಿಗೆ ಎಳೆದ ನಲವತ್ತು ಮೀಟರಿನಲ್ಲಿ ತಿಂಗಳುಗಟ್ಟಲೆ ಪ್ರಾಣ ತಿನ್ನುತ್ತದೆ. ಸರಿಯಾದ ಸರದಿಯಲ್ಲಿ ನೀಲಿ ಜೋಡಿ ನಡುವೆ ಬರಬೇಕು, ಹಸಿರಿನ ಎರಡು ತಂತಿ ಅದರ ಆಚೆ-ಈಚೆ. ದೀಪದ ಟೆಸ್ಟರಿಗೆ ತಂತಿ ಮುಟ್ಟಿದೆಯೋ ಇಲ್ಲವೋ ಅಷ್ಟೇ ಗೊತ್ತು. ಜೋಡಿ ಸೀಳಿದ್ದನ್ನು ಹಿಡಿಯಲು ಅದಕ್ಕೆ ಶಕ್ತಿಯಿಲ್ಲ. ಗದಗಿನ ಛಾಪಖಾನೆಗಳಲ್ಲಿ ಡಿಸೈನ್ ಕೋಣೆಯಿಂದ ಪ್ಲೇಟ್ ತೆಗೆಯುವ ಯಂತ್ರಕ್ಕೆ ದೊಡ್ಡ ದೊಡ್ಡ ಫೈಲುಗಳು ಹೋಗುತ್ತವೆ. ಅಂಥ ಕಡೆ ಫೈಲ್ ಅರ್ಧಕ್ಕೆ ನಿಂತರೆ ಮೊದಲು ನೋಡಬೇಕಾದ್ದು ಪ್ಲಗ್ಗಿನ ಬಣ್ಣದ ಸಾಲನ್ನು.

ಪಿನ್ನಿನ ಲೋಹದ ವಿಷಯಕ್ಕೆ ಬಂದರೆ, ಒಳ್ಳೆಯ ಪ್ಲಗ್ಗಿನ ಪಿನ್ನಿಗೆ ಸುಮಾರು 1.27 ಮೈಕ್ರಾನ್ ದಪ್ಪ ಬಂಗಾರದ ಲೇಪ ಇರಬೇಕು. ಗಂಟಿನ ಲೆಕ್ಕದಲ್ಲಿ ಮಾರುವ ಪ್ಲಗ್ಗುಗಳಲ್ಲಿ ಬಣ್ಣಕ್ಕಷ್ಟೇ ಬಂಗಾರ ಇರುತ್ತದೆ. ಕಪ್ಪತಗುಡ್ಡದ ಕಡೆಯಿಂದ ಬೀಸುವ ಗಾಳಿಯೊಂದಿಗೆ ಬರುವ ಕೆಂಪು ಧೂಳು, ಎರೆಹೊಲದ ಕರಿ ಧೂಳು ಎರಡೂ ಬಾಯಿ ತೆರೆದ ಜ್ಯಾಕಿನಲ್ಲಿ ಕೂಡುತ್ತವೆ. ಪ್ಲಗ್ಗು ಸಡಿಲವಿದ್ದು ಸದಾ ಸಣ್ಣಗೆ ಅಲುಗುತ್ತಿದ್ದರೆ ಆ ಧೂಳೇ ತೆಳು ಲೇಪವನ್ನು ತಿಕ್ಕಿ ತೆಗೆಯುತ್ತದೆ. ಕೇಬಲ್ಲಿನ ತಂತಿಯೂ ಮೋಸದ್ದಾಗಿರಬಹುದು: ಮೇಲೆ ತಾಮ್ರದ ಲೇಪ, ಒಳಗೆ ಅಲ್ಯೂಮಿನಿಯಂ. ಬ್ಲೇಡಿನಿಂದ ಕೆರೆದರೆ ಬೆಳ್ಳಗೆ ಕಾಣುತ್ತದೆ. ಅದಕ್ಕೆ ವಿದ್ಯುತ್ ತಡೆ ಹೆಚ್ಚು, ಪ್ಲಗ್ಗಿನ ಹಲ್ಲು ಕಚ್ಚಿದ ಜಾಗದಲ್ಲಿ ಮುರಿಯುವ ಗುಣವೂ ಹೆಚ್ಚು. ಕ್ಯಾಟ್ 5ಇ, ಕ್ಯಾಟ್ 6 ಎಂದು ಮುದ್ರಿಸಿದ್ದರೂ ಮಾನಕದ ಪ್ರಕಾರ ಅದು ಆ ಹೆಸರಿಗೆ ಅರ್ಹವಲ್ಲ. ಇನ್ನು ಹಲ್ಲಿನ ಮಾತು. ಒಂಟಿ ಗಟ್ಟಿ ತಂತಿಗೆ ಬೇಕಾದ ಹಲ್ಲು ಅದನ್ನು ಎರಡು ಬದಿಯಿಂದ ಹಿಡಿಯಬೇಕು, ಸಣ್ಣ ಎಳೆಗಳ ಕಟ್ಟಿಗೆ ಬೇಕಾದ ಹಲ್ಲು ನಡುವೆ ಚುಚ್ಚಬೇಕು. ಎರಡೂ ಪ್ಲಗ್ಗು ಹೊರಗಿನಿಂದ ಒಂದೇ ಥರ ಕಾಣುತ್ತವೆ. ಅದಲುಬದಲಾದರೆ ಮೊದಲ ದಿನ ಎಲ್ಲ ಸರಿ, ಆರು ತಿಂಗಳಿಗೆ ತಕರಾರು. ಹೊರಗಿನಿಂದ ಗುರುತು ಸಿಗದಂತೆ ಎರಡು ಬಗೆ ಮಾಡಿದ್ದು ನನ್ನ ದೃಷ್ಟಿಯಲ್ಲಿ ಇಡೀ ವಿನ್ಯಾಸದ ಅತಿ ದೊಡ್ಡ ಬೇಜವಾಬ್ದಾರಿ.

ಫೋನಿನ ಸಣ್ಣ ಪ್ಲಗ್ಗು ನೆಟ್ಟಿನ ಜ್ಯಾಕಿನೊಳಗೆ ಹೋಗುತ್ತದೆಂಬುದೂ ಅಂಥದ್ದೇ. ಹಳೇ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳಲ್ಲಿ ಎರಡೂ ತೂತು ಪಕ್ಕಪಕ್ಕ ಇರುತ್ತಿದ್ದವು. ತಪ್ಪಿ ಸಿಕ್ಕಿಸಿದರೆ ಫೋನ್ ಪ್ಲಗ್ಗಿನ ಪ್ಲಾಸ್ಟಿಕ್ ಭುಜ ಜ್ಯಾಕಿನ 1 ಮತ್ತು 8ನೇ ಸ್ಪ್ರಿಂಗನ್ನು ಅಳತೆ ಮೀರಿ ಅದುಮುತ್ತದೆ. 1ನೇ ಪಿನ್ ಇಲ್ಲದೆ ಈಥರ್ನೆಟ್ ಇಲ್ಲ.

ಕೇಬಲ್ಲಿನಲ್ಲೇ ವಿದ್ಯುತ್ತನ್ನೂ ಕಳಿಸುವ ಪಿಒಇ 2003ರಲ್ಲಿ 15.4 ವ್ಯಾಟಿನಿಂದ ಶುರುವಾಗಿ 2018ರ ಮಾನಕದಲ್ಲಿ 90 ವ್ಯಾಟಿಗೆ ಬಂದು ನಿಂತಿದೆ. ಮಾತು ಹೊರುತ್ತಿದ್ದ ಪಿನ್ನು ಈಗ ಕ್ಯಾಮೆರಾ, ವೈಫೈ ಡಬ್ಬಿಗಳನ್ನು ನಡೆಸುತ್ತದೆ. ಕರೆಂಟ್ ಹರಿಯುತ್ತಿರುವಾಗ ಪ್ಲಗ್ಗು ಎಳೆದರೆ ಸಣ್ಣ ಕಿಡಿ ಹಾರಿ ಪಿನ್ನಿನ ಮೇಲೆ ಚುಕ್ಕೆ ಸುಡುತ್ತದೆ. ಒಳ್ಳೆಯ ಜ್ಯಾಕುಗಳಲ್ಲಿ ಸ್ಪ್ರಿಂಗಿನ ವಂಕಿಯನ್ನು, ಕಿಡಿ ಹಾರುವ ಜಾಗ ಒಂದು ಮತ್ತು ಕೊನೆಗೆ ಹತ್ತಿ ನಿಲ್ಲುವ ಜಾಗ ಇನ್ನೊಂದು ಆಗುವಂತೆ ಬಾಗಿಸಿರುತ್ತಾರೆ. ಇಡೀ ಕನೆಕ್ಟರಿನಲ್ಲಿ ನನಗೆ ಅತಿ ಚೆಂದ ಕಾಣುವ ತಿದ್ದುಪಡಿ ಇದು. 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಿಂದ ರಾಜ್ಯದ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದ ಮೇಲೆ ಕ್ಯಾಮೆರಾ ಮತ್ತದರ ವೈರಿಂಗ್ ಹಳ್ಳಿ ಹೈಸ್ಕೂಲುಗಳಿಗೂ ಸಂಬಂಧಪಟ್ಟ ವಿಷಯವಾಗಿದೆ. ಪಿಒಇ ಕ್ಯಾಮೆರಾ ಇರುವ ಕಡೆ ಪಾಲಿಸಬೇಕಾದ ರೂಢಿ ಸರಳ: ಪ್ಲಗ್ಗು ಎಳೆಯುವ ಮೊದಲು ಸ್ವಿಚ್ಚಿನ ಪವರ್ ತೆಗೆಯಬೇಕು. ಅಲ್ಲೇ ಇನ್ನೊಂದು ಎಚ್ಚರ. ತಂತಿಯ ತುದಿಗಳು ಮುಂದಿನ ತೂತಿನಿಂದ ಹೊರಬರುವ ಪ್ಲಗ್ಗುಗಳು ಈಗ ಜನಪ್ರಿಯ. ಬಣ್ಣದ ಸಾಲು ಹೊರಗೇ ಕಾಣುವುದರಿಂದ ತಪ್ಪು ಕಡಿಮೆ. ಆದರೆ ಕ್ರಿಂಪಿಂಗ್ ಟೂಲಿನ ಬ್ಲೇಡು ಮೊಂಡಾಗಿದ್ದರೆ ಕತ್ತರಿಸಿದ ತಾಮ್ರದ ತುದಿಗಳು ಮೂತಿಯಲ್ಲಿ ಎದ್ದು ನಿಂತು, ಪಿಒಇ ವೋಲ್ಟೇಜಿನಲ್ಲಿ ಪರಸ್ಪರ ತಾಗುವ ಅಪಾಯವಿದೆ.

ಹಾಗಾದರೆ ಈ ಪ್ಲಗ್ಗನ್ನೇ ಬಿಟ್ಟು ಬೇರೆಯದನ್ನು ತರಬಾರದೇಕೆ? ತಂದಿದ್ದಾರೆ. ಜೋಡಿಗಳನ್ನು ನಾಲ್ಕು ಮೂಲೆಗೆ ದೂರ ಮಾಡಿದ ಜಿಜಿ45, ಟೆರಾ ಬಂದವು. ಸೀಳುಜೋಡಿಯ ಸಮಸ್ಯೆ ಬುಡದಲ್ಲೇ ಪರಿಹಾರವಾಗಿತ್ತು, ಮಾರುಕಟ್ಟೆ ಕೈಹಿಡಿಯಲಿಲ್ಲ. ಕಾರ್ಖಾನೆ, ರೈಲು ಡಬ್ಬಿಗಳಿಗೆ ದುಂಡನೆಯ, ತಿರುಪಿ ಬಿಗಿಯುವ ಎಂ12 ಗಟ್ಟಿಯಾಗಿ ನೆಲೆನಿಂತಿದೆ. ಕಪ್ಪತಗುಡ್ಡದ ಗಾಳಿಗಿರಣಿಗಳಂತೆ ಸದಾ ನಡುಗುವ ಕಡೆ, ನೀರು-ಧೂಳು ಬಡಿಯುವ ಕಡೆ ಬೇಕಾದ್ದು ಅದೇ. ಸಣ್ಣ ಯಂತ್ರಗಳಿಗೆ ಲೋಹದ ಕೊಕ್ಕೆಯ ಐಎಕ್ಸ್ ಇದೆ. ಸಂಗೀತ ಕಛೇರಿಗಳ ವೇದಿಕೆಯಲ್ಲಿ ಆರ್‌ಜೆ45ನ್ನೇ ಲೋಹದ ಕವಚದೊಳಗಿಟ್ಟ ಈಥರ್‌ಕಾನ್ ಬಳಸುತ್ತಾರೆ. ನಾನು ಹೆಚ್ಚು ಆಸೆಯಿಂದ ನೋಡುತ್ತಿರುವುದು ಒಂದೇ ಜೋಡಿ ತಂತಿಯ ಈಥರ್ನೆಟ್ಟನ್ನು. 2019ರ ಮಾನಕದ ಪ್ರಕಾರ ಅದು ಒಂದು ಕಿಲೋಮೀಟರ್ ದೂರಕ್ಕೆ 10 ಮೆಗಾಬಿಟ್ ಒಯ್ಯಬಲ್ಲದು. ಮುಂಡರಗಿ ತಾಲ್ಲೂಕಿನ ಸಿಂಗಟಾಲೂರು ಏತ ನೀರಾವರಿಯಂಥ ಕಡೆ, ಪಂಪ್‌ಹೌಸಿನಿಂದ ದೂರದ ಮೀಟರಿಗೆ ತಲುಪಲು ಸೀಳುವ ಜೋಡಿಯೇ ಇಲ್ಲದ, ಎರಡೇ ಪಿನ್ನಿನ ಈ ಕನೆಕ್ಟರು ಹೇಳಿ ಮಾಡಿಸಿದ ಹಾಗಿದೆ. ಕಚೇರಿ, ಶಾಲೆ, ಅಂಗಡಿಗಳಲ್ಲಿ ಮಾತ್ರ ಆರ್‌ಜೆ45 ಕದಲುವುದಿಲ್ಲ. ಜಗತ್ತಿನ ಅಷ್ಟೂ ಸ್ವಿಚ್ಚುಗಳ ಬಾಯಿ ಅದರ ಅಳತೆಗೆ ಕೊರೆದಿರುವಾಗ ಯಾರೂ ಮೊದಲು ಬದಲಾಗಲು ಸಿದ್ಧರಿಲ್ಲ.

ಹಳ್ಳಿಗಳಲ್ಲಿ ಈ ನಡುವೆ ಪ್ರಶ್ನೆ ಫೈಬರಿಗೆ ಹೊರಳಿದೆ. 2011ರಲ್ಲಿ ಒಪ್ಪಿಗೆ ಪಡೆದು ಆಮೇಲೆ ಭಾರತ್‌ನೆಟ್ ಎಂದು ಹೆಸರು ಬದಲಿಸಿಕೊಂಡ ಯೋಜನೆ ಗ್ರಾಮ ಪಂಚಾಯ್ತಿಗಳಿಗೆ ಫೈಬರ್ ತಂದಿತು. ಊರಿನ ಕೇಬಲ್ ಆಪರೇಟರುಗಳು ಮನೆಮನೆಗೆ ಒಯ್ದರು. ಇಲ್ಲಿನ ಎಸ್‌ಸಿ ಕನೆಕ್ಟರು ಚೌಕಾಕಾರದ್ದು, ಒತ್ತಿದರೆ ಟಕ್ಕೆಂದು ಕೂತು ಎಳೆದರೆ ಬರುತ್ತದೆ, ಮುರಿಯಲು ಹೊರಚಾಚಿದ ಕ್ಲಿಪ್ಪಿಲ್ಲ. ಆರ್‌ಜೆ45ರ ತಪ್ಪಿನಿಂದ ಪಾಠ ಕಲಿತ ಹಾಗಿದೆ. ಹೊಸ ತೊಂದರೆ ಬೇರೆ ಎರಡು. ಬೆಳಕು ಹರಿಯುವ ಗಾಜಿನ ತಿರುಳು 9 ಮೈಕ್ರಾನ್, ತಲೆಗೂದಲಿಗಿಂತ ಎಷ್ಟೋ ಸಣ್ಣದು. ಕಣ್ಣಿಗೆ ಕಾಣದ ಧೂಳಿನ ಕಣವೊಂದು ಅಲ್ಲಿ ಕೂತರೆ ದಾರಿಯೇ ಬಂದ್. ಮತ್ತೆ ಹಸಿರು, ನೀಲಿ ಎಂಬ ಎರಡು ಬಗೆ. ಹಸಿರಿನ ಮೂತಿಯನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ, ನೀಲಿಯದು ನೇರ. ಎರಡೂ ಒಂದೇ ಅಳತೆಯ ಚೌಕ, ಒಂದರೊಳಗೊಂದು ಸಲೀಸಾಗಿ ಹೋಗುತ್ತವೆ. ಹೋದರೆ ಗಾಜಿಗೆ ಗಾಜು ಪೂರ್ತಿ ತಾಗದೆ ಬೆಳಕು ಸೋರುತ್ತದೆ, ಮೂತಿ ಗೀಚಿಕೊಳ್ಳುತ್ತದೆ. ಸೇರಬಾರದ್ದು ಸೇರದಂತೆ ಒಂದು ಕಚ್ಚನ್ನಾದರೂ ಕೊರೆಯಬೇಕಿತ್ತು. ಬಣ್ಣವೊಂದನ್ನೇ ನಂಬಿ ಬಿಟ್ಟರು. ಸಂಜೆ ಮಬ್ಬಿನಲ್ಲಿ ಕಂಬದ ಮೇಲೆ ಕೆಲಸ ಮಾಡುವವರಿಗೆ ಹಸಿರು-ನೀಲಿ ಗೊತ್ತಾಗುವುದು ಕಷ್ಟ.

ನಮ್ಮ ಭಾಗದ ಹುಡುಗರು ಈ ಸೋರಿಕೆಯ ಲೆಕ್ಕವನ್ನು ಬಾಯಲ್ಲೇ ಇಟ್ಟುಕೊಂಡಿದ್ದಾರೆ. "ಪವರ್ ಎಷ್ಟ್ ಬರಾಕತ್ತೈತಿ?" "ಮೈನಸ್ ಇಪ್ಪತ್ತಾರು ಅಣ್ಣಾ, ಲಾಸ್ ಲೈಟ್ ಕೆಂಪಗಾಗಾಕತ್ತೈತಿ." ಮೈನಸ್ 27 ಡಿಬಿಎಂ ಆಸುಪಾಸಿನಲ್ಲಿ ಮನೆಯ ಫೈಬರ್ ಡಬ್ಬಿ ಕೈಚೆಲ್ಲುತ್ತದೆ. ತುದಿಗೆ ಮೂರೇ ನಿಮಿಷದಲ್ಲಿ ಕೂರಿಸುವ ಫಾಸ್ಟ್ ಕನೆಕ್ಟರಿನಲ್ಲಿ ಗಾಜನ್ನು ಹಿಡಿದಿಡುವುದು ಒಂದು ಹಿಡಿಕೆ ಮತ್ತು ಚೂರು ಜೆಲ್ಲು. ಬೇಸಿಗೆಯ ಬಿಸಿಲಿಗೆ, ಗಾಳಿಯ ಜಗ್ಗಾಟಕ್ಕೆ ಅದು ಸರಿಯುತ್ತದೆ. ಕಾರ್ಖಾನೆಯಲ್ಲಿ ಉಜ್ಜಿ ತಯಾರಾದ ತುದಿಯ ಪಿಗ್‌ಟೇಲನ್ನು ಸ್ಪ್ಲೈಸಿಂಗ್ ಯಂತ್ರದಲ್ಲಿ ಕರಗಿಸಿ ಕೂಡಿಸಿದರೆ ಆ ಗೋಳಿಲ್ಲ. ಆ ಯಂತ್ರದ ಬೆಲೆ ಮಾತ್ರ ದುಬಾರಿ, ಸಣ್ಣ ಆಪರೇಟರಿಗೆ ಅದು ಭಾರ.

ಇಷ್ಟೂ ದೋಷಗಳನ್ನು ಒಟ್ಟಿಗಿಟ್ಟು ನೋಡಿದರೆ ನನಗೆ ಕಾಣುವುದು ಇದು: ಕನೆಕ್ಟರು ಸೋಲುವುದನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ, ಅದು ಎಲ್ಲಿ ಸೋಲಬೇಕೆಂದು ತೀರ್ಮಾನಿಸುವುದು ನಮ್ಮ ಕೈಯಲ್ಲಿದೆ. ಈಗ ನಡೆಯುತ್ತಿರುವುದೇನೆಂದರೆ, ಸ್ವಿಚ್ಚಿನಿಂದ ಒಂದೇ ಗಟ್ಟಿ ಕೇಬಲ್ಲನ್ನು ಗೋಡೆ, ಕಿಟಕಿ, ಬಾಗಿಲ ಸಂದಿಯಲ್ಲಿ ಹಾಯಿಸಿ ನೇರ ಕಂಪ್ಯೂಟರಿನ ಬೆನ್ನಿಗೆ ತಂದು, ಎರಡೂ ತುದಿಗೆ ಕೈಯಲ್ಲೇ ಪ್ಲಗ್ಗು ಕ್ರಿಂಪ್ ಮಾಡುತ್ತಾರೆ. ಕಸ ಹೊಡೆಯುವಾಗ ಸರಿಯುವ, ಕಾಲಿಗೆ ಸಿಗುವ ತುದಿಯೇ ಹೀಗೆ ಇಡೀ ಕೇಬಲ್ಲಿನ ತುದಿಯಾಗುತ್ತದೆ. ಕ್ಲಿಪ್ಪು ಮುರಿದಾಗಲೆಲ್ಲ ಟೂಲ್ ಹಿಡಿದವರು ಗದಗಿನಿಂದ ಬರಬೇಕು. ಬಂದು ಒಂದು ಗೇಣು ಕತ್ತರಿಸಿ ಹೊಸದು ಹಾಕುತ್ತಾರೆ. ನಾಲ್ಕು ಸಲ ಹಾಗಾದರೆ ಕೇಬಲ್ಲೇ ಸಾಲುವುದಿಲ್ಲ. ಮಾನಕದ 100 ಮೀಟರ್ ಮಿತಿಯಲ್ಲೇ ಇದಕ್ಕೆ ಉತ್ತರ ಅಡಗಿದೆ: 90 ಮೀಟರ್ ಅಲ್ಲಾಡದ ಕೇಬಲ್, 10 ಮೀಟರ್ ಬಿಡಿಹಗ್ಗಗಳು. ಗಟ್ಟಿ ಕೇಬಲ್ಲಿನ ತುದಿ ಗೋಡೆಯ ಐಒ ಬಾಕ್ಸಿನೊಳಗಿನ ಜ್ಯಾಕಿನಲ್ಲಿ ಕೊನೆಯಾಗಬೇಕು. ಆ ಜ್ಯಾಕಿನ ಬೆನ್ನಿಗೆ ತಂತಿಯನ್ನು ಪಂಚ್ ಮಾಡುವ ಕಚ್ಚುಗಳ ಮೇಲೆ ಬಣ್ಣ ಅಚ್ಚಾಗಿರುವುದರಿಂದ ಜೋಡಿ ಸೀಳುವ ತಪ್ಪು ಆಗುವುದೇ ಕಷ್ಟ. ಹುರಿಯನ್ನೂ ಕೊನೆಯವರೆಗೆ ಉಳಿಸಬಹುದು, ಬಾಕ್ಸಿನ ಹಿಂದೆ ಒಂದು ಸುತ್ತು ಹೆಚ್ಚಿನ ಕೇಬಲ್ ಬಿಡಬಹುದು. ಅಲ್ಲಿಂದ ಕಂಪ್ಯೂಟರಿಗೆ ಕಾರ್ಖಾನೆಯಲ್ಲೇ ತಯಾರಾದ ಪ್ಯಾಚ್ ಕಾರ್ಡ್. ಕ್ಲಿಪ್ ಮುರಿದರೆ ಆ ಕಾರ್ಡು ಬಿಸಾಡಿ ಇನ್ನೊಂದು ಸಿಕ್ಕಿಸುವುದು. ಅದಕ್ಕೆ ಟೆಕ್ನಿಷಿಯನ್ ಬೇಡ, ಕೌಂಟರಿನಲ್ಲಿ ಕೂತ ಅಕ್ಕನವರೇ ಮಾಡಬಲ್ಲರು. ಫೈಬರಿಗೂ ಇದೇ ನಿಯಮ: ಕಂಬದಿಂದ ಬಂದ ಗಾಜಿನ ಎಳೆ ಗೋಡೆಯ ಡಬ್ಬಿಯಲ್ಲಿ ಸ್ಪ್ಲೈಸ್ ಆಗಿ ನಿಲ್ಲಲಿ, ಒಳಗಿನದು ಬದಲಿಸಬಹುದಾದ ತುಂಡಾಗಲಿ.

ಹಾಗಾಗದಿರಲು ಕಾರಣ ಜ್ಞಾನದ ಕೊರತೆಗಿಂತ ಟೆಂಡರಿನ ಭಾಷೆ. "ಲ್ಯಾನ್ ಪಾಯಿಂಟ್, ಇಷ್ಟು ಸಂಖ್ಯೆ" ಎಂದು ಬರೆದರೆ, ಅತಿ ಕಡಿಮೆ ದರದವರಿಗೆ ಕೆಲಸ ಹೋಗುವ ನಮ್ಮ ಪದ್ಧತಿಯಲ್ಲಿ, ಬಾಕ್ಸಿಲ್ಲದ, ಅಲ್ಯೂಮಿನಿಯಂ ಕೇಬಲ್ಲಿನ ಪಾಯಿಂಟೇ ಗೆಲ್ಲುತ್ತದೆ. ಪಾಯಿಂಟ್ ಎಂದರೆ ಪೂರ್ಣ ತಾಮ್ರದ ಕೇಬಲ್, ಗೋಡೆಯಲ್ಲಿ ಜ್ಯಾಕ್, ಎರಡು ಕಾರ್ಖಾನೆ ಪ್ಯಾಚ್ ಕಾರ್ಡ್, ಜೋಡಿ ಸೀಳಿದ್ದನ್ನೂ ಹಿಡಿಯುವ ಟೆಸ್ಟರಿನ ಮುದ್ರಿತ ವರದಿ ಎಂದು ನಾಲ್ಕು ಸಾಲು ಸೇರಿಸಿದರೆ ಗುತ್ತಿಗೆದಾರರು ತಾವಾಗಿಯೇ ದಾರಿಗೆ ಬರುತ್ತಾರೆ. ಪಂಚಾಯ್ತಿ ಪಿಡಿಒಗಳು, ಶಾಲೆಯ ಎಸ್‌ಡಿಎಂಸಿಯವರು, ಪತ್ತಿನ ಸಂಘದ ಕಾರ್ಯದರ್ಶಿಗಳು ಇದನ್ನು ನಾಳೆಯೇ ಮಾಡಬಹುದು. ಐಟಿಐ, ಡಿಪ್ಲೊಮಾ ಹುಡುಗರಿಗೆ ಪ್ಲಗ್ಗು ಕ್ರಿಂಪ್ ಮಾಡುವುದರ ಜೊತೆಗೆ ಜ್ಯಾಕಿಗೆ ಪಂಚ್ ಮಾಡುವುದನ್ನೂ, ತಾವೇ ಬೇಕೆಂದು ಜೋಡಿ ಸೀಳಿ ಅದರ ಪರಿಣಾಮ ಅಳೆಯುವುದನ್ನೂ ಕಲಿಸಬೇಕು.

ಸ್ಪ್ಲೈಸಿಂಗ್ ಯಂತ್ರ, ಒಳ್ಳೆಯ ಟೆಸ್ಟರುಗಳ ದುಬಾರಿ ಬೆಲೆಗೆ ಉತ್ತರ ಹುಡುಕಲು ಗದಗ ಜಿಲ್ಲೆಯವರು ದೂರ ಹೋಗಬೇಕಿಲ್ಲ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘ ಕಟ್ಟಿದ ಕಣಗಿನಹಾಳ ಗದಗಿನ ಪಕ್ಕದಲ್ಲೇ ಇದೆ. ಒಬ್ಬೊಬ್ಬರ ಕೈಗೆ ಎಟುಕದ್ದನ್ನು ಹತ್ತು ಜನ ಸೇರಿ ಕೊಳ್ಳುವುದು ಈ ನೆಲದ ಹಳೇ ರೂಢಿ. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಯ ಕೇಬಲ್ ಆಪರೇಟರುಗಳು ಪಾಲು ಹಾಕಿ ತಾಲ್ಲೂಕಿಗೊಂದು ಸ್ಪ್ಲೈಸಿಂಗ್ ಯಂತ್ರ, ಒಂದು ಪವರ್ ಮೀಟರ್, ಸೀಳುಜೋಡಿ ಹಿಡಿಯುವ ಒಂದು ಟೆಸ್ಟರ್, ಮೂತಿ ಒರೆಸಲು ಆಲ್ಕೋಹಾಲ್ ಮತ್ತು ನೂಲು ಬಿಡದ ಬಟ್ಟೆ ಇಟ್ಟುಕೊಳ್ಳಬಹುದು. ಪಾಳಿಯ ಪ್ರಕಾರ ಒಯ್ಯಬೇಕು. ಯಾವ ಊರಿನ ಯಾವ ಡಬ್ಬಿಯಲ್ಲಿ ಹಸಿರು, ಯಾವುದರಲ್ಲಿ ನೀಲಿ, ಕೊನೆಯ ಸಲ ಅಳೆದಾಗ ಪವರ್ ಎಷ್ಟಿತ್ತು ಎಂದು ಒಂದೇ ವಹಿಯಲ್ಲಿ ಬರೆದಿಡಬೇಕು. ಇಂಥ ವಹಿ ಎರಡು ವರ್ಷ ತುಂಬಿದರೆ ಯಾವ ಬಗೆಯ ಕನೆಕ್ಟರು ಈ ಧೂಳಿನಲ್ಲಿ ಎಷ್ಟು ದಿನ ಬಾಳುತ್ತದೆ ಎಂಬ ಲೆಕ್ಕ ನಮ್ಮ ಕೈಯಲ್ಲೇ ಇರುತ್ತದೆ, ಮುಂದಿನ ಟೆಂಡರಿನಲ್ಲಿ ಯಾವುದನ್ನು ಹೆಸರಿಸಿ ಕೇಳಬೇಕೆಂಬುದನ್ನೂ ಅದರಿಂದಲೇ ತೆಗೆಯಬಹುದು.